ತುಂಬೆ ಗಿಡದ ಪಕ್ಕದ ಕಂಬ

"ನಿಮ್ಮ ಮನೆದೇವ್ರು ಯಾವ್ದಪ್ಪ?" ಎಂದು ಬೈರಮ್ಮಜ್ಜಿ ಕೇಳಿದಾಗ ಡಿಶ್ ಹಾಕಲು ಬಂದ ಯುವರಾಜ್ ಇನ್ನೂ ಬೈಕಿನಿಂದ ಟೂಲ್ಸ್ ಚೀಲ ಕೂಡ ಇಳಿಸಿರಲಿಲ್ಲ.

ಹೊಸೂರಿನಾಚೆಯ ಉದ್ದನಪಲ್ಲಿ ಕಡೆ ಇದೇನೂ ಹೊಸ ಪ್ರಶ್ನೆಯಲ್ಲ. ಕುಡಿಯಲು ನೀರು ಕೊಡುವ ಮೊದಲು ಊರು ಕೇಳುತ್ತಾರೆ, ಕೊಟ್ಟ ಮೇಲೆ ಮನೆದೇವರು ಕೇಳುತ್ತಾರೆ. ಉತ್ತರ ಸಿಕ್ಕಿತೆಂದರೆ ಬಂದವನು ನೆಂಟನೋ, ಅಣ್ಣತಮ್ಮಂದಿರ ಪೈಕಿಯೋ, ಹೊರಗಿನವನೋ ಎಂದು ತೀರ್ಮಾನವಾಗಿಬಿಡುತ್ತದೆ. ಯುವರಾಜನಿಗೆ ಉತ್ತರ ಹುಡುಕುವ ಕಷ್ಟವೂ ಇರಲಿಲ್ಲ. ತೆರೆದ ಬಾಗಿಲೊಳಗೆ ಬೆಳ್ಳಿ ಕಣ್ಣಿನ ದಿಣ್ಣೆ ಭೈರಪ್ಪನ ಫೋಟೋ ಕಾಣುತ್ತಿತ್ತು. ತಳಿ ಹತ್ತಿರದ ಅವನ ಮನೆಯ ಗೋಡೆಯಲ್ಲೂ ಅದೇ ಫೋಟೋ. "ನಿಮ್ಮ ದೇವ್ರೇ ಅಜ್ಜಿ" ಎಂದಿದ್ದರೆ ಮುಗಿದುಹೋಗುತ್ತಿತ್ತು.

ಅಷ್ಟರಲ್ಲಿ ಫೋಟೋದ ಪಕ್ಕದ ಕೋಣೆಯಿಂದ ಅವಳು ಬಂದಳು. ತಲೆಗೆ ಟವಲ್ ಸುತ್ತಿದ್ದಳು. ಕೈಯಲ್ಲಿ ಅರ್ಧ ತಿಂದ ಸೀಬೆಹಣ್ಣು, ಕೊರಳಲ್ಲಿ ಹೊಸೂರಿನ ಯಾವುದೋ ಫ್ಯಾಕ್ಟರಿಯ ಐಡಿ ಕಾರ್ಡು. ಹೊಸಿಲ ಮೇಲೆ ನಿಂತು, ಹಣ್ಣು ಅಗಿಯುತ್ತ, ಅವನನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದಳು.

"ಷರಟು ಮೇಲೆ ಕೆಳಗೆ ಆಗಿದೆ. ಒಂದು ಬಟನ್ ತಪ್ಪಿ ಹಾಕ್ಕೊಂಡಿದ್ದೀರಿ," ಎಂದಳು.

ಯುವರಾಜನ ಕೈ ಷರಟಿಗೆ ಹೋಯಿತು, ನಾಲಿಗೆ ತಾನಾಗಿ ಹೊರಳಿತು. "ನಮ್ದು ಗಟ್ಟದ ಚೌಡಮ್ಮ, ಅಜ್ಜಿ."

ಚೌಡಮ್ಮ ಅವನ ತಾಯಿಯ ತವರಿನ ದೇವರು. ಒಂದೇ ಮನೆದೇವರ ಒಕ್ಕಲಲ್ಲಿ ಹುಟ್ಟಿದವರು ಅಣ್ಣ ತಂಗಿ, ಅವರ ನಡುವೆ ಮದುವೆಯ ಮಾತೇ ಇಲ್ಲ. ಆ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಇದು ಗೊತ್ತು. ಯಾಕೆ ಹಾಗಂದೆ ಎಂದು ಅವನಿಗೇ ತಿಳಿಯಲಿಲ್ಲ. ಅಲ್ಲ, ಚೆನ್ನಾಗಿ ತಿಳಿಯಿತು. ತಿಳಿಯಲಿಲ್ಲ ಎಂದು ಇಪ್ಪತ್ತೊಂಬತ್ತು ವರ್ಷದ ಗಂಡಸು ಹೇಳಿದರೆ ನಂಬುವವರು ಯಾರು?

ಅವಳ ಹೆಸರು ಚಂದ್ರಲೇಖಾ, ಮನೆಯಲ್ಲಿ ಲೇಖಾ. ತಾಯಿ ಹೋದ ಮೇಲೆ ಅಜ್ಜಿಯೇ ಸಾಕಿದ ಒಬ್ಬಳೇ ಮಗಳು. ಅಪ್ಪ ಆವುಲಪ್ಪ ಗುಲಾಬಿ ಬೆಳೆಯುವವನು. ಹೊಸೂರಿನಲ್ಲಿ ಬಾಗಿಲು ಹಾಕಿದ ಗೆಸ್ಟ್ ಹೌಸೊಂದರ ಹಳೇ ಸಾಮಾನಿನಲ್ಲಿ ನಾಲ್ಕಡಿಯ ಡಿಶ್ ಕಂಡು, ಮೋಟರ್ ಸಮೇತ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದಿದ್ದ. ಸಾಧಾರಣ ಡಿಶ್ ಆಕಾಶದಲ್ಲಿ ಒಂದೇ ಸ್ಯಾಟಲೈಟನ್ನು ನೋಡುತ್ತ ಕೂತಿರುತ್ತದೆ. ಇದು ರಿಮೋಟ್ ಒತ್ತಿದರೆ ಮೂಡಣದಿಂದ ಪಡುವಣದವರೆಗೆ ಕತ್ತು ತಿರುಗಿಸಿ, ಬೇಕಾದ ಸ್ಯಾಟಲೈಟನ್ನು ಹುಡುಕಿಕೊಳ್ಳುತ್ತದೆ. ಕುಪ್ಪಂ ಕಡೆಯಿಂದ ಸೊಸೆಯಾಗಿ ಬಂದ ಅಜ್ಜಿಗೆ ತೆಲುಗು ಭಜನೆ ಬೇಕು, ಆವುಲಪ್ಪನಿಗೆ ತಮಿಳು ನ್ಯೂಸು, ಮಗಳಿಗೆ ಕನ್ನಡದ ಹಾಡು.

"ಮೂರೂ ಒಂದೇ ಡಿಶ್ಶಲ್ಲಿ ಬರ್ಬೇಕು ತಂಬಿ," ಎಂದ ಆವುಲಪ್ಪ.

"ಬತ್ತವೆ ಯಜಮಾನ್ರೆ. ಆದ್ರೆ ಇದು ಒಂದಿನದಲ್ಲಿ ಮುಗಿಯೋ ಕೆಲಸ ಅಲ್ಲ," ಎಂದ ಯುವರಾಜ್. ಆ ದಿನ ಅವನು ಆಡಿದ್ದರಲ್ಲಿ ಇದೊಂದು ಮಾತ್ರ ನಿಜ.

ಡಿಶ್ಶಿನ ಕಂಬಕ್ಕೆ ಅಂಗಳದ ಮೂಲೆ ನಿಗದಿಯಾಯಿತು. ಗುರುತು ಹಾಕಿ ಹಾರೆ ಎತ್ತಿದವನ ಕೈ ನಿಂತಿತು. ಬಚ್ಚಲ ನೀರು ಹರಿಯುವ ಆ ಜಾಗದಲ್ಲಿ, ಸರಿಯಾಗಿ ಗುರುತಿನ ಮೇಲೆ, ಒಂದು ತುಂಬೆ ಗಿಡ. ದಿಣ್ಣೆ ಭೈರಪ್ಪನ ಒಕ್ಕಲಿನವರು ತುಂಬೆ ಕೀಳುವುದಿಲ್ಲ, ತುಳಿಯುವುದೂ ಇಲ್ಲ. ಬಾಯಿ ಸುಳ್ಳು ಹೇಳಿದಷ್ಟು ಸಲೀಸಾಗಿ ಕೈ ಸುಳ್ಳು ಹೇಳಲಿಲ್ಲ. ಅವನು ಅತ್ತಿತ್ತ ನೋಡಿ, ಎರಡು ಗೇಣು ಪಕ್ಕಕ್ಕೆ ಸರಿದು, ಅಲ್ಲಿ ಅಗೆಯತೊಡಗಿದ.

"ಗುರುತು ಅಲ್ಲಿ ಹಾಕಿ ಇಲ್ಯಾಕೆ ಅಗೀತಿದ್ದೀರಿ?" ಲೇಖಾ ಬಾಗಿಲಲ್ಲೇ ಇದ್ದಳು.

"ಅಲ್ಲಿ ತೆಂಗಿನ ಮರ ಅಡ್ಡ ಬತ್ತದೆ. ಸಿಗ್ನಲ್ ಸಿಗಲ್ಲ."

ಅವಳು ದೂರದಲ್ಲಿದ್ದ ತೆಂಗಿನ ಮರ ನೋಡಿದಳು. ಗುಂಡಿ ನೋಡಿದಳು. ಆಮೇಲೆ ಅವನನ್ನು ನೋಡಿದಳು. "ಓ, ಅಂಗೋ," ಎಂದು ತುಟಿಯಂಚಿನಲ್ಲಿ ನಕ್ಕು ಒಳಗೆ ಹೋದಳು. ಆ ನಗೆಗೆ ಅವನು ತನಗೆ ಬೇಕಾದ ಅರ್ಥ ಮಾಡಿಕೊಂಡ.

ಕಾಂಕ್ರೀಟ್ ಹಾಕಿ, ಕಂಬದ ತಳದ ಪ್ಲೇಟು ಕೂರಿಸಲು ನಾಲ್ಕು ಬೋಲ್ಟ್ ನೆಟ್ಟು ಹೋದ. ದಿನಾ ನೀರು ಹನಿಸಬೇಕೆಂದು ಹೇಳಿಯೂ ಹೋದ. ಮಾರನೇ ದಿನ ಲೇಖಾಳ ಫೋನ್ ಬಂತು. "ಕಾಂಕ್ರೀಟಿಗೆ ಬೆಳಿಗ್ಗೆ ಒಂದು ಬಿಂದಿಗೆ ಹಾಕ್ದೆ. ಸಾಕಾ?" ಅದರ ಮಾರನೇ ದಿನವೂ ಬಂತು. ವಾರವಿಡೀ ಕಾಂಕ್ರೀಟಿನ ಯೋಗಕ್ಷೇಮ ವಿಚಾರಿಸಿಕೊಂಡಷ್ಟು ಅವರು ಮನುಷ್ಯರದ್ದು ವಿಚಾರಿಸಿಕೊಳ್ಳಲಿಲ್ಲ.

ಊರಿಗೆ ಊರೇ ಮೆಕ್ಯಾನಿಕ್ಕನ್ನು ಅಣ್ಣ ಎನ್ನುತ್ತದೆ. ಕೇಬಲ್ ಅಣ್ಣ, ಮೋಟರ್ ಅಣ್ಣ, ಡಿಶ್ ಅಣ್ಣ. ಲೇಖಾ ಒಂದು ಸಲವೂ ಹಾಗನ್ನಲಿಲ್ಲ. "ಏನ್ರೀ" ಎನ್ನುತ್ತಿದ್ದಳು, "ಮೆಕ್ಯಾನಿಕ್ ಸಾರ್" ಎನ್ನುತ್ತಿದ್ದಳು, ಇಲ್ಲವೆ ಸುಮ್ಮನೆ ಮಾತು ಶುರುಮಾಡಿಬಿಡುತ್ತಿದ್ದಳು. ಯುವರಾಜ್ ಆ ಒಂದು ಪದ ಬರದಿರುವುದನ್ನೇ ಕಿವಿಗೊಟ್ಟು ಕೇಳಿಸಿಕೊಳ್ಳುತ್ತಿದ್ದ.

ಕಂಬ ನಿಂತ ಮೇಲೆ ದಕ್ಷಿಣ ಹುಡುಕಬೇಕಾಯಿತು. ಇಂಥ ಡಿಶ್‌ಗೆ ಮಧ್ಯದ ಗುರಿ ನೇರ ದಕ್ಷಿಣ. ಅದು ತಪ್ಪಿದರೆ ಎಲ್ಲವೂ ತಪ್ಪು. ಫೋನಿನ ಕಂಪಾಸು ಮನೆಯ ತಗಡಿನ ಶೀಟಿನ ಪಕ್ಕ ಕುಡಿದವನಂತೆ ಸುತ್ತುತ್ತಿತ್ತು. ಏಪ್ರಿಲ್ ತಿಂಗಳು, ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ. ನೆರಳು ಕಂಬದ ಬುಡ ಬಿಟ್ಟು ಆಚೆ ಬರುವುದಿಲ್ಲ.

"ಬೆಳಿಗ್ಗೆ ಒಂದು ನೆರಳು, ಮಧ್ಯಾಹ್ನದ ಮೇಲೆ ಒಂದು ನೆರಳು ಬೇಕು," ಎಂದು ಅವನು ವಿವರಿಸಿದ. "ಕಂಬದ ಸುತ್ತ ವೃತ್ತ ಹಾಕ್ಬೇಕು. ನೆರಳಿನ ತುದಿ ಬೆಳಿಗ್ಗೆ ಎಲ್ಲಿ ಗೆರೆ ಮುಟ್ತದೋ ಅಲ್ಲಿ ಒಂದು ಗುರುತು. ಸಾಯಂಕಾಲದ ಕಡೆ ಎಲ್ಲಿ ಮುಟ್ತದೋ ಅಲ್ಲೊಂದು. ಎರಡನ್ನೂ ಸೇರ್ಸಿ ದಾರ ಎಳೆದ್ರೆ ಮೂಡಣ ಪಡುವಣ ಸಿಕ್ತದೆ. ಅದಕ್ಕೆ ನೇರ ಅಡ್ಡ ಎಳೆದ್ರೆ ದಕ್ಷಿಣ."

ಲೇಖಾ ಒಳಗಿನಿಂದ ರಂಗೋಲಿ ಡಬ್ಬಿ ತಂದಳು. ಅವನು ದಾರದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಹಿಡಿದ, ಇನ್ನೊಂದು ತುದಿ ಹಿಡಿದು ಅವಳು ಬಗ್ಗಿ ಹಿಂದೆ ಹಿಂದೆ ನಡೆಯುತ್ತ ಅಂಗಳದಲ್ಲಿ ಬಿಳಿ ವೃತ್ತ ಬಿಟ್ಟಳು. ದಾರ ಸಡಿಲವಾದಾಗಲೆಲ್ಲ ತಲೆ ಎತ್ತದೆ "ಎಳೀರಿ" ಎನ್ನುತ್ತಿದ್ದಳು. ಅವನು ಎಳೆಯುತ್ತಿದ್ದ. ಬೇಕೆಂದೇ ಎರಡು ಸಲ ಸಡಿಲ ಬಿಟ್ಟ.

"ಮೂರನೇ ಸಲ ಬಿಟ್ರೆ ರಂಗೋಲಿ ಡಬ್ಬಿ ತಲೆ ಮೇಲೆ ಬೀಳ್ತದೆ," ಎಂದಳು.

ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನೆರಳಿನ ತುದಿ ಗೆರೆ ಮುಟ್ಟಿತು. ಲೇಖಾ ಅಲ್ಲಿ ಒಂದು ಗುಂಡುಕಲ್ಲು ಇಟ್ಟಳು. "ಇದು ನನ್ದು. ಇನ್ನೊಂದು ನೀವಿಡಿ. ನಂಗೆ ಬಿ ಶಿಫ್ಟು, ಹನ್ನೆರಡೂವರೆಗೆ ಕಂಪನಿ ಬಸ್ಸು."

ಮಧ್ಯಾಹ್ನ ಅಜ್ಜಿ ಅವನನ್ನು ಊಟಕ್ಕೆ ಕೂರಿಸಿದಳು. ಉಣ್ಣುವವರು ಅವನು, ಆವುಲಪ್ಪ, ಅಜ್ಜಿ, ಮೂರೇ ಜನ. ಅಜ್ಜಿ ನಾಲ್ಕು ಬಾಳೆ ಎಲೆ ತಂದಳು. ಮೂರು ಹಾಕಿ, ನಾಲ್ಕನೆಯದನ್ನು ಒಂದು ಗಳಿಗೆ ಕೈಯಲ್ಲಿ ಹಿಡಿದಿದ್ದು, ಮಡಚಿ ಬುಟ್ಟಿಗೆ ಇಟ್ಟಳು. ಲೇಖಾಗೆ ಇರಬೇಕು ಅಂದುಕೊಂಡ ಯುವರಾಜ್. ಲೇಖಾ ಉಂಡು ಬಸ್ಸು ಹತ್ತಿ ಆಗಿತ್ತು ಎಂಬುದು ಅವನಿಗೆ ಆಮೇಲೆ ನೆನಪಾಯಿತು.

ಮೂರೂಕಾಲು ದಾಟಿದ ಮೇಲೆ ನೆರಳು ಇನ್ನೊಂದು ಬದಿಯಲ್ಲಿ ಗೆರೆ ಮುಟ್ಟಿತು. ಅವನೂ ಒಂದು ಕಲ್ಲು ಇಟ್ಟ. ಅವಳ ಕಲ್ಲಿನಿಂದ ತನ್ನ ಕಲ್ಲಿಗೆ ದಾರ ಎಳೆದಾಗ ಮನಸ್ಸಿಗೆ ಏನೋ ಖುಷಿ. ಆ ಖುಷಿಯ ಬೆನ್ನಿಗೇ, ಬಾಗಿಲೊಳಗಿನಿಂದ ಬೆಳ್ಳಿ ಕಣ್ಣುಗಳು ತನ್ನನ್ನೇ ನೋಡುತ್ತಿವೆ ಎನಿಸಿ ಅವನು ಬೆನ್ನು ತಿರುಗಿಸಿ ಕೂತ.

ಡಿಶ್ ಏರಿತು, ಮೋಟರ್ ಕೂತಿತು. ಮಧ್ಯದ ಸ್ಯಾಟಲೈಟು ಮೊದಲ ಯತ್ನಕ್ಕೇ ಸಿಕ್ಕಿ ಟಿವಿಯಲ್ಲಿ ಕನ್ನಡದ ಹಾಡು ಬಂತು. ಪಡುವಣದ ಕಡೆ ತಿರುಗಿಸಿದರೆ ಅಜ್ಜಿಯ ಭಜನೆ ಚೂರು ಚೂರಾಗಿ ಕೇಳಿ ನಿಂತುಹೋಯಿತು. ಮೂಡಣದ ತುದಿಯಲ್ಲಿ ಆವುಲಪ್ಪನ ನ್ಯೂಸು ಬರಲೇ ಇಲ್ಲ.

ಇದರ ಕಾರಣ ಯುವರಾಜನಿಗೆ ಆ ಕ್ಷಣವೇ ಗೊತ್ತಾಯಿತು. ಕಂಬ ಕೂದಲೆಳೆಯಷ್ಟು ವಾಲಿತ್ತು. ಕಂಬ ವಾಲಿದ್ದರೂ ಮಧ್ಯದಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ. ತುದಿಗೆ ಹೋದಾಗ ತಪ್ಪು ಬಯಲಾಗುತ್ತದೆ. ತಳದ ಬೋಲ್ಟ್ ಸಡಿಲಿಸಿ ತೆಳ್ಳನೆಯ ಒಂದು ವಾಷರ್ ತೂರಿಸಿದರೆ ಅರ್ಧ ಗಂಟೆಯ ಕೆಲಸ.

"ಬಾಕ್ಸಿನ ಸೆಟ್ಟಿಂಗು ನೋಡ್ಬೇಕು. ಗುರುವಾರ ಬತ್ತೀನಿ," ಎಂದ.

ಗುರುವಾರ ಬಂದು ಕೇಬಲ್ ಬದಲಿಸಿದ. ಸೋಮವಾರ ಬಂದು ಮೋಟರಿಗೆ ಗ್ರೀಸ್ ಹಾಕಿದ. ಅದರ ಮುಂದಿನ ವಾರ ಬಂದು ಡಿಶ್ ಒರೆಸಿದ. ಹೊಸೂರಿನ ಅವನ ಅಂಗಡಿಗೆ ಆ ತಿಂಗಳು ಬೀಗವೇ ಹೆಚ್ಚು. ಲೇಖಾ ಪ್ರತಿ ಸಲ ಕಾಫಿ ಲೋಟ ಹಿಡಿದು ಎದುರಿಗೆ ನಿಲ್ಲುತ್ತಿದ್ದಳು.

"ಫ್ಯಾಕ್ಟರೀಲಿ ನಿಮ್ ಕೆಲಸ ಏನು?" ಎಂದು ಒಂದು ದಿನ ಕೇಳಿದ.

"ಕ್ವಾಲಿಟಿ. ಪೀಸು ಅಳೆದು ನೋಡೋದು. ಕೂದಲಷ್ಟು ತಪ್ಪಿದ್ರೂ ರಿಜೆಕ್ಟ್."

ಯುವರಾಜನಿಗೆ ಕಾಫಿ ನೆತ್ತಿಗೇರಿತು. ಅವಳು ಕಂಬದ ಕಡೆ ನೋಡಿದಳು, ನಿಧಾನವಾಗಿ, ಬುಡದಿಂದ ತುದಿಯವರೆಗೆ. "ಈ ಕಂಬ ಚೆನ್ನಾಗಿ ನಿಂತದೆ ಅಲ್ವಾ?" ಎಂದಳು. ಕಣ್ಣಲ್ಲಿ ಎಷ್ಟು ನಗೆ ಇತ್ತೆಂದರೆ ಅವನಿಗೆ ನೆಲ ನೋಡುವುದೇ ವಾಸಿ ಅನಿಸಿತು.

"ನಿಂತದೆ," ಎಂದ.

"ಅಂಗಾದ್ರೆ ಇನ್ನೂ ನಾಲ್ಕು ಸಲ ಬಂದು ಡಿಶ್ ಒರೆಸ್ಬೇಕಾಗ್ತದೆ ನೀವು."

ಅವನು ಆ ದಿನ ತಳಿಯವರೆಗೂ ಬೈಕಿನಲ್ಲಿ ಹಾಡಿಕೊಂಡು ಹೋದ. ಊರು ಹತ್ತಿರವಾದಂತೆ ಹಾಡು ತಾನಾಗಿ ನಿಂತಿತು. ಎಲ್ಲಿಗೆ ಹೋಗುತ್ತದೆ ಇದು? ಎಲ್ಲಿಗೂ ಹೋಗುವುದಿಲ್ಲ. ಅವನಿಗದು ಮೊದಲ ದಿನವೇ ಗೊತ್ತಿತ್ತು, ಆದರೂ ಹೋಗುತ್ತಲೇ ಇದ್ದ.

ಕೊನೆಗೆ ಆ ಸುಳ್ಳೇ ಎದ್ದು ಕೂತಿತು. ಮುಂದಿನ ಸಲ ಹೋದಾಗ ಬೈರಮ್ಮಜ್ಜಿ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಎಲೆ ಅಡಿಕೆ ಕೊಟ್ಟಳು.

"ಹೊಸೂರಲ್ಲಿ ಮೇಷ್ಟ್ರು, ತಿಲಕ್ ಅಂತ, ಲೇಖನ್ನ ಕೇಳ್ತಾವ್ರೆ. ಒಳ್ಳೆ ಮನೆತನಾನೇ. ಆದ್ರೆ ನಂಗೆ ನಿನ್ನ ಮೇಲೆ ಮನಸಾಗೈತೆ ಕಣಪ್ಪ. ನಿಮ್ದು ಚೌಡಮ್ಮ, ನಮ್ದು ಭೈರಪ್ಪ, ವರಸೆ ಕೂಡ್ತದೆ. ಬರೋ ಸೋಮವಾರ ಆವುಲಪ್ಪ ನಿಮ್ಮೂರಿಗೆ ಬಂದು ನಿಮ್ಮನೇರ ಹತ್ರ ಮಾತಾಡ್ಲಾ?"

ಹುಡುಗಿ ಕೊಡುತ್ತೇನೆಂದು ಹಿರಿಯರು ಬಾಯಿಬಿಟ್ಟು ಹೇಳುವುದೆಂದರೆ ಎಂಥ ಭಾಗ್ಯ. ಆದರೆ ಸೋಮವಾರ ಆವುಲಪ್ಪ ತಳಿಗೆ ಬರುತ್ತಾನೆ, ಹೊಸಿಲು ದಾಟುತ್ತಾನೆ, ಗೋಡೆಯ ಮೇಲೆ ಬೆಳ್ಳಿ ಕಣ್ಣು ನೋಡುತ್ತಾನೆ.

"ಭಾನುವಾರ ಡಿಶ್ ಮುಗಿಸ್ತೀನಿ ಅಜ್ಜಿ. ಆಮೇಲೆ ಮಾತಾಡೋಣ," ಎಂದು ಎದ್ದ.

ಭಾನುವಾರ ಬೆಳಿಗ್ಗೆ ಅವನು ಬಂದಾಗ ಲೇಖಾ ಕಂಬದ ಬಳಿಯೇ ಕೂತಿದ್ದಳು. ಮಡಿಲಲ್ಲಿ ಫ್ಯಾಕ್ಟರಿಯಿಂದ ಕೇಳಿ ತಂದ, ವಾಲಿದೆಯೋ ನೇರವೋ ನೋಡುವ ಸ್ಪಿರಿಟ್ ಲೆವೆಲ್ಲು. ಅವನು ಏನೂ ಹೇಳದೆ ಸ್ಪ್ಯಾನರ್ ತೆಗೆದು ತಳದ ಬೋಲ್ಟ್ ಸಡಿಲಿಸಿದ. ಅವಳು ಲೆವೆಲ್ಲನ್ನು ಕಂಬಕ್ಕೆ ಒತ್ತಿ ಹಿಡಿದಳು. ಹಸಿರು ನೀರಿನೊಳಗಿನ ಗುಳ್ಳೆ ಮಧ್ಯಕ್ಕೆ ಬಾರದೆ ಒಂದು ಬದಿಗೆ ಅಂಟಿಕೊಂಡಿತ್ತು.

"ಲೇಖಾ," ಎಂದ. ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಒಂದು ಮಾತು ಹೇಳ್ಬೇಕು. ನಮ್ಮನೆ ದೇವ್ರು ಚೌಡಮ್ಮ ಅಲ್ಲ."

"ಗೊತ್ತು."

ಸ್ಪ್ಯಾನರ್ ಅವನ ಕೈಯಲ್ಲೇ ಉಳಿಯಿತು.

ಅವಳು ಗದ್ದದಿಂದ ತುಂಬೆ ಗಿಡದ ಕಡೆ ತೋರಿಸಿದಳು. ಎರಡು ಗೇಣು ದೂರದಲ್ಲಿ ಅದು ಬಿಳಿ ಹೂ ಬಿಟ್ಟುಕೊಂಡು ನಿಂತಿತ್ತು. "ಚೌಡಮ್ಮನ ಒಕ್ಕಲಾಗಿದ್ರೆ ಕಳೆ ಅಂತ ಕಿತ್ತು ಬಿಸಾಕ್ತಿದ್ರಿ. ನೀವು ಕಂಬಾನೇ ಸರಿಸಿದ್ರಿ. ನಾನು ಅವತ್ತೇ ನೋಡ್ದೆ."

"ನೋಡಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವತ್ತೇ ಮುಗೀತಿತ್ತಲ್ಲ." ಅವಳ ಕಣ್ಣು ಗುಳ್ಳೆಯ ಮೇಲೇ ಇತ್ತು. "ತಪ್ಪಿರೋ ಪೀಸು ಕಂಡ್ರೆ ಕೆಂಪು ಟ್ಯಾಗ್ ಕಟ್ಟಿ ಪಕ್ಕಕ್ಕಿಡ್ಬೇಕು, ಮುಂದಕ್ಕೆ ಬಿಡಂಗಿಲ್ಲ. ಐದು ವರ್ಷದಿಂದ ಒಂದೂ ಬಿಟ್ಟಿಲ್ಲ ನಾನು. ಇದೊಂದು ಬಿಟ್ಟೆ. ಒಂದು ತಿಂಗಳಾದ್ರೂ ಇರ್ಲಿ ಅಂತ."

ಯುವರಾಜ್ ಸ್ಪ್ಯಾನರ್ ಕೆಳಗಿಟ್ಟ. "ಕಾನೂನು ಏನೂ ಅನ್ನಲ್ಲ ಲೇಖಾ. ರಿಜಿಸ್ಟರ್ ಆಫೀಸಿಗೆ ಹೋಗಿ ಸೈನ್ ಹಾಕಿದ್ರೆ ಆಯ್ತು. ಇಬ್ರಿಗೂ ಕೈಲಿ ಕೆಲಸ ಐತೆ."

"ಅನ್ನಲ್ಲ. ಭಾಗ್ಯತ್ತೆಗೂ ಏನೂ ಅನ್ಲಿಲ್ಲ."

ಭಾಗ್ಯಲಕ್ಷ್ಮಿ ಆವುಲಪ್ಪನ ತಂಗಿ. ಭೈರಪ್ಪನ ಒಕ್ಕಲಿನವನನ್ನೇ ಕಟ್ಟಿಕೊಂಡು ಹೋದವಳು.

"ಕೃಷ್ಣಗಿರೀಲವಳೆ. ಚೆನ್ನಾಗೇ ಅವಳೆ," ಎಂದಳು ಲೇಖಾ. "ಇಲ್ಲಿಂದ ಬಸ್ಸಲ್ಲಿ ಎಷ್ಟೊತ್ತು? ಇಪ್ಪತ್ತೆರಡು ವರ್ಷದಿಂದ ಅಜ್ಜಿ ಆ ಬಸ್ಸು ಹತ್ತಿಲ್ಲ. ಅವಳ ಹೆಸರೂ ಎತ್ತಲ್ಲ. ಆದ್ರೆ ಯಾರಾದ್ರೂ ಊಟಕ್ಕೆ ಬಂದ್ರೆ ಒಂದು ಎಲೆ ಜಾಸ್ತಿ ತಗೀತಾಳೆ. ಕೈಲಿ ಹಿಡ್ಕೊಂಡು ನಿಂತು, ಆಮೇಲೆ ಮಡಚಿ ಇಡ್ತಾಳೆ. ನೀವೂ ನೋಡಿರ್ಬೇಕು."

ಅವನು ತಲೆಯಾಡಿಸಿದ.

"ನಂಗೋಸ್ಕರ ಎರಡನೇ ಎಲೆ ಮಡಚೋ ಶಕ್ತಿ ಇಲ್ಲ ಅವಳಿಗೆ. ಮಡಚ್ಸೋ ಶಕ್ತಿ ನಂಗೂ ಇಲ್ಲ."

ಅವನು ವಾಷರ್ ತೂರಿಸಿದ. ಗುಳ್ಳೆ ಒಂಚೂರು ಸರಿಯಿತು. ಲೆವೆಲ್ಲು ಹಿಡಿದಿದ್ದ ಅವಳ ಬೆರಳು ಬೆಳ್ಳಗಾಗುವಷ್ಟು ಕಂಬಕ್ಕೆ ಒತ್ತಿಕೊಂಡಿತ್ತು.

"ನಂಗೆ ನೀವಂದ್ರೆ ಇಷ್ಟ," ಎಂದಳು ಲೇಖಾ, ಕಂಬಕ್ಕೆ ಹೇಳುವಂತೆ. "ಬಾಯ್ಬಿಟ್ಟು ಒಂದ್ಸಲ ಹೇಳ್ಬೇಕು ಅನ್ನಿಸ್ತು, ಹೇಳ್ದೆ. ಈಗ ಬೋಲ್ಟು ಬಿಗಿ ಮಾಡಿ."

"ನಂಗೂ ಅಷ್ಟೇ," ಎಂದ ಯುವರಾಜ್. ಎಷ್ಟೆಲ್ಲ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಬಂದದ್ದು ಅಷ್ಟೇ. ಒಂದೊಂದೇ ಬೋಲ್ಟು ಬಿಗಿ ಮಾಡಿದ. ಗುಳ್ಳೆ ಎರಡು ಗೆರೆಗಳ ಮಧ್ಯೆ ಬಂದು ನಿಂತಿತು.

"ಪಾಸ್," ಎಂದು ಅವಳು ಎದ್ದು ಒಳಗೆ ಹೋದಳು.

ಅಜ್ಜಿಗೆ ಅವನೇ ಹೇಳಿದ. ಬೈಯಲಿ, ಬಾಗಿಲು ತೋರಿಸಲಿ ಎಂದು ಸಿದ್ಧವಾಗಿಯೇ ಕೈಕಟ್ಟಿ ನಿಂತು ಹೇಳಿದ: "ನಮ್ಮನೆ ದೇವ್ರೂ ದಿಣ್ಣೆ ಭೈರಪ್ಪನೇ ಅಜ್ಜಿ. ಅವತ್ತು ತಾಯಿ ಕಡೆ ದೇವ್ರನ್ನ ಹೇಳ್ಬುಟ್ಟೆ. ತಪ್ಪಾಯ್ತು."

ಅಜ್ಜಿಯ ಮುಖ ಒಂದು ಕ್ಷಣ ಬಾಡಿತು. ಆಮೇಲೆ ಬೇರೆ ಏನೋ ಹೊಳೆದು, ಸುಕ್ಕು ಸುಕ್ಕಾಗಿ ಅರಳಿತು. ಎದ್ದು ಬಂದು ಅವನ ಗಲ್ಲ ಹಿಡಿದಳು.

"ನನ್ನಪ್ಪನೇ, ಅಂಗಾದ್ರೆ ನೀನು ನಮ್ಮನೆ ಕೂಸು. ಇವಳಿಗೆ ಒಡಹುಟ್ಟಿದೋರು ಇಲ್ಲ, ಧಾರೆ ದಿನ ಕೈಗೆ ಅರಳು ಸುರಿಯೋ ಅಣ್ಣ ಯಾರು ಅಂತ ನಾನು ಎಷ್ಟು ರಾತ್ರಿ ನಿದ್ದೆ ಕೆಟ್ಟಿದ್ದೀನಿ. ಮೇಷ್ಟ್ರ ಮನೇರು ಅದನ್ನೇ ಕೇಳಿದ್ರು. ದೇವ್ರೇ ನಿನ್ನ ಕಳಿಸವ್ನೆ. ನೀನು ಬಂದು ನಿಂತ್ಕೋಬೇಕು. ಇಲ್ಲ ಅನ್ಬಾರ್ದು."

ಮದುಮಗಳ ಬೊಗಸೆಗೆ ಮೂರು ಸಲ ಭತ್ತದ ಅರಳು ಸುರಿಯುವುದು ಅಣ್ಣನ ಕೆಲಸ. ಇಲ್ಲ ಎನ್ನಲು ಯುವರಾಜನಿಗೆ ಒಂದೇ ಒಂದು ಕಾರಣವಿತ್ತು, ಅದನ್ನು ಅಜ್ಜಿಗೆ ಹೇಳುವ ಹಾಗಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಲೇಖಾ ನಿಂತಿದ್ದಳು.

"ಬತ್ತೀನಿ ಅಜ್ಜಿ," ಎಂದ.

"ಲೇಖಾ, ಅಣ್ಣಂಗೆ ಕಾಫಿ ಕೊಡಮ್ಮ."

ಅವಳು ಲೋಟ ತಂದು ಕೈಗಿತ್ತಳು. "ತಗೊಳ್ಳಿ," ಎಂದಳು, ಮತ್ತೇನೂ ಅನ್ನಲಿಲ್ಲ. ಹೊರಗೆ ಮೋಟರ್ ಗುರ್ರೆಂದು ಡಿಶ್ ಪಡುವಣಕ್ಕೆ ತಿರುಗಿತು. ಟಿವಿಯಲ್ಲಿ ತೆಲುಗು ಭಜನೆ ಒಂದು ಅಕ್ಷರವೂ ತಪ್ಪದೆ ಬರತೊಡಗಿತು. ಆವುಲಪ್ಪ ಮೂಡಣಕ್ಕೆ ತಿರುಗಿಸಿದ, ನ್ಯೂಸು ಬಂತು. ರಿಪೇರಿ ಮಾಡಲು ಆ ಮನೆಯಲ್ಲಿ ಯುವರಾಜನಿಗೆ ಇನ್ನೇನೂ ಉಳಿದಿರಲಿಲ್ಲ.

ಗೇಟಿನವರೆಗೆ ಅವಳು ಬಂದಳು.

"ನೀವೂ ಅಣ್ಣ ಅಂತೀರಾ?" ಎಂದು ಬೈಕಿನ ಮೇಲೆ ಕೂತು ಕೇಳಿದ.

"ಅನ್ನಲ್ಲ." ಅವಳು ಗೇಟಿನ ಚಿಲಕ ನೋಡುತ್ತಿದ್ದಳು. "ಮದುವೆ ದಿನ ಒಂದ್ಸಲ ಅನ್ಬೇಕಾಗ್ತದೆ. ಅಲ್ಲೀಗಂಟ ಅನ್ನಲ್ಲ."

ಶ್ರಾವಣದಲ್ಲಿ ಹೊಸೂರಿನ ಕಲ್ಯಾಣ ಮಂಟಪದಲ್ಲಿ ಮದುವೆಯಾಯಿತು. ಮೇಷ್ಟ್ರು ತಿಲಕ್ ನಿಜಕ್ಕೂ ಒಳ್ಳೆಯ ಮನುಷ್ಯ. ಬಾಮೈದ ಎಂದು ಯುವರಾಜನ ಕೈಕುಲುಕಿ, ನಿಮ್ಮ ಡಿಶ್ ವಿಚಾರ ಕೇಳಿದ್ದೇನೆ, ನಮ್ಮ ಮನೆಗೂ ಒಂದು ಹಾಕಿಕೊಡಿ ಎಂದ. ಬೈಯುವುದಕ್ಕಾದರೂ ಅವನು ಒಂದು ಕಾರಣ ಕೊಡಲಿಲ್ಲ.

ಹೊಸ ಷರಟಿನಲ್ಲಿ, ಬಟನ್ನುಗಳನ್ನು ಎರಡು ಸಲ ಎಣಿಸಿ ಹಾಕಿಕೊಂಡು, ಯುವರಾಜ್ ಅರಳಿನ ಮೊರದ ಮುಂದೆ ನಿಂತ. ಲೇಖಾ ಬೊಗಸೆ ಒಡ್ಡಿದಳು. ಮದರಂಗಿಯ ಕೆಂಪು ಬೊಗಸೆ, ಅದರಡಿಯಲ್ಲಿ ತಿಲಕ್‌ನ ಕೈ. ಮೊದಲ ಸಲ ಸುರಿದ, ಸರಿಯಾಗಿಯೇ ಬಿತ್ತು. ಎರಡನೇ ಸಲವೂ ಬಿತ್ತು. ಮೂರನೇ ಸಲ ಎತ್ತಿದ ಕೈ ಒಂದು ಬದಿಗೆ ವಾಲಿ, ಅರಳು ಅವಳ ಬೆರಳ ಸಂದಿಯಿಂದ ನೆಲಕ್ಕೆ ಉದುರಿತು. ಪುರೋಹಿತರು ಮಂತ್ರ ನಿಲ್ಲಿಸಿ ಕಾದರು. ಅಜ್ಜಿ ಹಿಂದಿನಿಂದ ಕತ್ತು ಚಾಚಿ ನೋಡಿದಳು.

ಲೇಖಾ ತಲೆ ಎತ್ತಿದಳು. ಕಂಬವನ್ನು ನೋಡುತ್ತಿದ್ದ ಹಾಗೆಯೇ ಅವನ ಕೈಯನ್ನು ನೋಡಿ, ಆಮೇಲೆ ಕಣ್ಣನ್ನು ನೋಡಿದಳು.

"ಕೈ ನೇರ ಇಟ್ಕೊಳ್ಳಿ," ಎಂದಳು ಮೆಲ್ಲಗೆ. ತಡೆದು, ಉಸಿರು ಎಳೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಅಣ್ಣ."

ಯುವರಾಜ್ ಕೈ ನೇರ ಹಿಡಿದ. ಉಳಿದ ಅರಳೆಲ್ಲ ಒಂದು ಕಾಳೂ ಚೆಲ್ಲದೆ ಅವಳ ಬೊಗಸೆ ಸೇರಿತು.